ಸಭೆಯಲ್ಲಿ ಹೆಂಗಸರ ಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೆಂಗಸರ ಸೇವೆಯ ವಿಷಯ ಎತ್ತಿದರೆ ಸಾಕು, ಮಾತು ಎರಡೇ ನಿಮಿಷದಲ್ಲಿ "ಹೆಂಗಸು ಪಾಸ್ಟರ್ (ಸಭಾಪಾಲಕಿ) ಆಗಬಹುದಾ, ಬಾರದಾ" ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಆ ಪ್ರಶ್ನೆ ಕೆಳಗೆ ಇದೆ. ಆದರೆ ಸಭೆಗಳಲ್ಲಿ ಹೆಂಗಸರಿಗೆ ಮುಚ್ಚಿರುವ ಬಾಗಿಲುಗಳಲ್ಲಿ ಕೆಲವನ್ನು ಮಾತ್ರ ಬೋಧನೆ ಮುಚ್ಚಿದೆ. ಉಳಿದವನ್ನು ಮುಚ್ಚಿರುವುದು ಬರೀ ರೂಢಿ. ಯಾವುದು ಬೋಧನೆ, ಯಾವುದು ರೂಢಿ ಎಂದು ಬಿಡಿಸಿ ನೋಡಲು ಇಲ್ಲಿ ಪ್ರಯತ್ನ ಮಾಡಿದ್ದೇನೆ. ಎರಡೂ ಕಡೆಯ ವಾದ ಹೇಳಿದ್ದೇನೆ. ನನ್ನ ಒಲವು ಯಾವ ಕಡೆಗೆ ಎಂಬುದು ಓದುತ್ತಾ ನಿಮಗೇ ಗೊತ್ತಾಗುತ್ತದೆ, ಅದನ್ನು ಮುಚ್ಚಿಡುವ ಆಸೆ ನನಗಿಲ್ಲ.

ಬೈಬಲಿನಲ್ಲಿ ಹೆಂಗಸರು ನಿಜವಾಗಿ ಏನೇನು ಮಾಡಿದ್ದಾರೆ?

ಹಳೇ ಒಡಂಬಡಿಕೆಯಿಂದ ಶುರು ಮಾಡೋಣ. ದೆಬೋರ ಪ್ರವಾದಿನಿ, ಅಂದರೆ ದೇವರ ಮಾತನ್ನು ಜನರಿಗೆ ಹೇಳುವವಳು, ಜೊತೆಗೆ ಇಸ್ರಾಯೇಲ್ಯರಿಗೆ ನ್ಯಾಯ ತೀರಿಸುತ್ತಿದ್ದವಳು (ನ್ಯಾಯಸ್ಥಾಪಕರು 4). ನೀನು ಜೊತೆಗೆ ಬರದಿದ್ದರೆ ನಾನು ಯುದ್ಧಕ್ಕೆ ಹೋಗುವುದಿಲ್ಲ ಎಂದು ಸೇನಾಪತಿ ಬಾರಾಕನು ಅವಳಿಗೆ ಹೇಳುತ್ತಾನೆ. ಹುಲ್ದಳ ಕಥೆ ಇದಕ್ಕಿಂತ ಕಡಿಮೆ ಜನರಿಗೆ ಗೊತ್ತು. ಅರಸ ಯೋಷೀಯನ ಕಾಲದಲ್ಲಿ ದೇವಾಲಯದೊಳಗೆ ಧರ್ಮಶಾಸ್ತ್ರದ ಗ್ರಂಥ ಸಿಗುತ್ತದೆ. ಈಗ ಏನು ಮಾಡಬೇಕು ಎಂದು ಯೆಹೋವನನ್ನು ವಿಚಾರಿಸಲು ಮಹಾಯಾಜಕನೂ ಅರಸನ ಅಧಿಕಾರಿಗಳೂ ನೇರವಾಗಿ ಹುಲ್ದಳ ಹತ್ತಿರ ಹೋಗುತ್ತಾರೆ (2 ಅರಸುಗಳು 22). ಅದೇ ಕಾಲದಲ್ಲಿ ಯೆರೆಮೀಯನೂ ಪ್ರವಾದಿಸುತ್ತಿದ್ದ. ಹಾಗಾಗಿ "ಗಂಡಸರು ಯಾರೂ ಸಿಗಲಿಲ್ಲ, ಅದಕ್ಕೇ ದೇವರು ಹೆಂಗಸನ್ನು ಬಳಸಿದರು" ಎನ್ನುವ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಜೊತೆ ಊರೂರು ತಿರುಗಿದ ಹೆಂಗಸರಿದ್ದರು. ಮಗ್ದಲದ ಮರಿಯ, ಯೋಹಾನ್ನ, ಸುಸನ್ನ ಹೀಗೆ ಲೂಕನು ಹೆಸರು ಹಿಡಿದು ಹೇಳುತ್ತಾನೆ. ಆ ಸೇವೆಯ ಖರ್ಚಿಗೆ ಇವರು ತಮ್ಮ ಆಸ್ತಿಯಿಂದ ಕೊಡುತ್ತಿದ್ದರು (ಲೂಕ 8:1-3). ಪುನರುತ್ಥಾನದ ಸುದ್ದಿಯನ್ನು ಮೊದಲು ಹೊತ್ತು ಹೋದವರೂ ಹೆಂಗಸರೇ. ಫಿಲಿಪ್ಪನಿಗೆ ಪ್ರವಾದಿಸುವ ನಾಲ್ಕು ಮಂದಿ ಹೆಣ್ಣುಮಕ್ಕಳಿದ್ದರು (ಅಪೊಸ್ತಲರ ಕೃತ್ಯಗಳು 21:9). ಫಿಲಿಪ್ಪಿ ಪಟ್ಟಣದಲ್ಲಿ ಲುದ್ಯಳ ಮನೆಯೇ ವಿಶ್ವಾಸಿಗಳು ಸೇರುವ ಜಾಗವಾಯಿತು.

ಇನ್ನು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ. ಬರೀ ವಂದನೆಗಳ ಪಟ್ಟಿ ಅಂತ ನಾವು ಓದದೆ ದಾಟಿಬಿಡುತ್ತೇವೆ, ಅಲ್ವಾ? ಒಮ್ಮೆ ನಿಧಾನವಾಗಿ ಓದಿ. ಅದರಲ್ಲಿ 10 ಹೆಂಗಸರು ಬರುತ್ತಾರೆ. ಮೊದಲಿಗಳು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ. ಆಕೆ ತನ್ನನ್ನೂ ಸೇರಿಸಿ ಅನೇಕರಿಗೆ ಆಸರೆಯಾದವಳು ಎಂದು ಪೌಲನು ಬರೆಯುತ್ತಾನೆ. ಆ ಪತ್ರವನ್ನು ರೋಮಿಗೆ ತಂದವಳು ಅವಳೇ ಇರಬೇಕು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆಮೇಲೆ ಪ್ರಿಸ್ಕ ಮತ್ತು ಅವಳ ಗಂಡ ಅಕ್ವಿಲ. ಈ ದಂಪತಿಯ ಹೆಸರು ಹೊಸ ಒಡಂಬಡಿಕೆಯಲ್ಲಿ ಆರು ಸಲ ಬರುತ್ತದೆ. ಹಳೆಯ ಹಸ್ತಪ್ರತಿಗಳಲ್ಲಿ ಅದರಲ್ಲಿ ನಾಲ್ಕು ಸಲ ಹೆಂಡತಿಯ ಹೆಸರೇ ಮೊದಲು. ದೊಡ್ಡ ವಾಗ್ಮಿ ಅಪೊಲ್ಲೋಸನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟವರು ಇವರಿಬ್ಬರು. ಇನ್ನೊಂದು ವಿಷಯ. ಆ ಅಧ್ಯಾಯದಲ್ಲಿ "ಪ್ರಯಾಸಪಟ್ಟರು" ಎಂಬ ಮಾತನ್ನು ಪೌಲನು ನಾಲ್ಕೇ ಜನರಿಗೆ ಬಳಸುತ್ತಾನೆ: ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ. ನಾಲ್ವರೂ ಹೆಂಗಸರು.

ಯೇಸು ಆರಿಸಿಕೊಂಡ 12 ಅಪೊಸ್ತಲರು ಗಂಡಸರೇ ತಾನೆ?

ಹೌದು. ಕಥೋಲಿಕ ಮತ್ತು ಆರ್ಥಡಾಕ್ಸ್ ಸಭೆಗಳ ವಾದದಲ್ಲಿ ಇದಕ್ಕೆ ದೊಡ್ಡ ತೂಕ. ಆ ಕಾಲದ ಕಟ್ಟುಪಾಡುಗಳನ್ನು ಎಷ್ಟೋ ಕಡೆ ಮೀರಿದ ಯೇಸು ಇಲ್ಲಿ ಮಾತ್ರ ಮೀರಲಿಲ್ಲ, ಅದು ಬೇಕೆಂದೇ ಮಾಡಿದ್ದು ಎಂದು ಅವರು ಹೇಳುತ್ತಾರೆ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಎದುರು ವಾದವೂ ಇದೆ. 12 ಎಂಬುದು ಇಸ್ರಾಯೇಲಿನ 12 ಕುಲಗಳ ಗುರುತು. ಆ 12 ಮಂದಿ ಗಂಡಸರು ಮಾತ್ರ ಅಲ್ಲ, ಎಲ್ಲರೂ ಯೆಹೂದ್ಯರು ಕೂಡ. ಹಾಗಂತ ಯೆಹೂದ್ಯರಲ್ಲದವರು ಪಾದ್ರಿ ಆಗಬಾರದು ಎಂದು ಯಾರೂ ಹೇಳುವುದಿಲ್ಲ.

ಮಗ್ದಲದ ಮರಿಯ ವೇಶ್ಯೆಯಾಗಿದ್ದವಳಲ್ಲವೇ?

ಸುವಾರ್ತೆಗಳಲ್ಲಿ ಎಲ್ಲೂ ಹಾಗಿಲ್ಲ. ಅವಳಿಂದ ಏಳು ದೆವ್ವಗಳು ಬಿಟ್ಟುಹೋದವು ಎಂದಷ್ಟೇ ಇದೆ. 591ರಲ್ಲಿ ಪೋಪ್ ಮೊದಲನೇ ಗ್ರೆಗೊರಿ ಒಂದು ಪ್ರಸಂಗದಲ್ಲಿ ಲೂಕ 7ರ ಪಾಪಿ ಹೆಂಗಸು, ಬೇಥಾನ್ಯದ ಮರಿಯ, ಮಗ್ದಲದ ಮರಿಯ ಮೂವರೂ ಒಬ್ಬಳೇ ಎಂದು ಹೇಳಿದರು. ಪಶ್ಚಿಮದ ಸಭೆಯಲ್ಲಿ ಆ ಚಿತ್ರ ಅಂಟಿಕೊಂಡಿತು. ಪೂರ್ವದ ಸಭೆಗಳು ಅದನ್ನು ಒಪ್ಪಲೇ ಇಲ್ಲ. 1969ರಲ್ಲಿ ಕಥೋಲಿಕ ಸಭೆ ತನ್ನ ಹಬ್ಬದ ಪಟ್ಟಿ ಪರಿಷ್ಕರಿಸಿದಾಗ ಆ ಬೆರಕೆಯನ್ನು ಕೈಬಿಟ್ಟಿತು. 2016ರಲ್ಲಿ ಜುಲೈ 22ರ ಅವಳ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿತು. ಪ್ರಸಂಗ ಪೀಠದಿಂದ ಮಾತ್ರ ಈ ಹಳೇ ಕಥೆ ಈಗಲೂ ಕೇಳಿಬರುತ್ತದೆ.

"ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು" ಎಂದು ಪೌಲನೇ ಬರೆದಿದ್ದಾನಲ್ಲ?

ಬರೆದಿದ್ದಾನೆ: 1 ಕೊರಿಂಥ 14:34-35. ಆದರೆ ಅದೇ ಪತ್ರದಲ್ಲಿ ಮೂರು ಅಧ್ಯಾಯ ಹಿಂದೆ ಹೋಗಿ. ಹೆಂಗಸು ಪ್ರಾರ್ಥನೆ ಮಾಡುವಾಗ ಅಥವಾ ಪ್ರವಾದಿಸುವಾಗ ತಲೆಯ ಮೇಲೆ ಮುಸುಕಿರಲಿ ಎಂದು ಹೇಳುತ್ತಾನೆ (11:5). ಬಾಯಿ ತೆರೆಯಲೇಬಾರದು ಎಂದಿದ್ದರೆ, ಬಾಯಿ ತೆರೆಯುವಾಗ ತಲೆ ಹೇಗಿರಬೇಕು ಎಂದು ಯಾಕೆ ಹೇಳಬೇಕಿತ್ತು? ಹಾಗಾಗಿ ಇದನ್ನು ಅಕ್ಷರಶಃ ಪೂರ್ತಿ ಮೌನ ಎಂದು ತೆಗೆದುಕೊಳ್ಳುವವರು ತುಂಬ ಕಡಿಮೆ. ಹಾಗೆ ತೆಗೆದುಕೊಂಡರೆ ಹೆಂಗಸರು ಗೀತೆ ಹಾಡುವುದೂ ತಪ್ಪಾಗುತ್ತದೆ.

14ನೇ ಅಧ್ಯಾಯವನ್ನು ಪೂರ್ತಿ ಓದಿದರೆ ಅದು ಗಲಾಟೆಯ ಕೂಟವನ್ನು ಒಂದು ಕ್ರಮಕ್ಕೆ ತರುವ ಮಾತು ಎಂದು ಕಾಣುತ್ತದೆ. ಅರ್ಥ ಹೇಳುವವನಿಲ್ಲದಿದ್ದರೆ ಅನ್ಯಭಾಷೆ (ಆತ್ಮದ ಪ್ರೇರಣೆಯಿಂದ ಆಡುವ, ಕೇಳುವವರಿಗೆ ಅರ್ಥವಾಗದ ಮಾತು) ಆಡುವವನು ಸುಮ್ಮನಿರಬೇಕು. ಇನ್ನೊಬ್ಬನಿಗೆ ಪ್ರಕಟನೆಯಾದರೆ ಮಾತಾಡುತ್ತಿದ್ದ ಪ್ರವಾದಿ ಸುಮ್ಮನಾಗಬೇಕು. ಮೂರನೆಯದಾಗಿ ಹೆಂಗಸರು ಸುಮ್ಮನಿರಬೇಕು. ಮೊದಲ ಎರಡು ಆಯಾ ಸಂದರ್ಭಕ್ಕೆ ಮಾತ್ರ ಎಂದು ಎಲ್ಲರೂ ಒಪ್ಪುತ್ತಾರೆ. ಮೂರನೆಯದು ಮಾತ್ರ ಎಲ್ಲ ಕಾಲಕ್ಕೂ ಹೇಗಾಯಿತು?

"ಏನಾದರೂ ತಿಳಿಯಬೇಕಿದ್ದರೆ ಮನೆಯಲ್ಲಿ ಗಂಡನನ್ನು ಕೇಳಲಿ" ಎಂದು ಮುಂದಿನ ಮಾತಿದೆ. ಕೂಟದ ನಡುವೆ ಪ್ರಶ್ನೆ ಕೇಳಿ ಅಡ್ಡಿಪಡಿಸುವುದನ್ನು ತಡೆದದ್ದು ಇದು ಎಂದು ಕೆಲವರು. ಪ್ರವಾದನೆಯನ್ನು ಪರೀಕ್ಷಿಸಿ ತೀರ್ಪು ಹೇಳುವ ಅಧಿಕಾರವನ್ನು ಹೆಂಗಸರಿಗೆ ಕೊಟ್ಟಿಲ್ಲ ಎಂದು ಇನ್ನು ಕೆಲವರು. ಒಂದಷ್ಟು ಹಸ್ತಪ್ರತಿಗಳಲ್ಲಿ ಈ ಎರಡು ವಚನಗಳು ಇಲ್ಲಿರದೆ ಅಧ್ಯಾಯದ ಕೊನೆಯಲ್ಲಿವೆ. ಹಾಗಾಗಿ ಇವು ಆಮೇಲೆ ಸೇರಿಕೊಂಡವು ಎನ್ನುವ ವಿದ್ವಾಂಸರೂ ಇದ್ದಾರೆ. ನನಗೆ ಆ ವಾದ ಅಷ್ಟು ಹಿಡಿಸಿಲ್ಲ. ಈ ವಚನಗಳು ಇಲ್ಲದ ಹಸ್ತಪ್ರತಿ ಒಂದೂ ಇಲ್ಲ. ಕಷ್ಟದ ವಚನ ಬಂದಾಗಲೆಲ್ಲ ಅದನ್ನು ಕತ್ತರಿಸಿ ಹಾಕುವುದು ಒಳ್ಳೆಯ ಅಭ್ಯಾಸವೂ ಅಲ್ಲ.

1 ತಿಮೊಥೆ 2:12ರಲ್ಲಿ ಉಪದೇಶ ಮಾಡುವುದಕ್ಕೆ ಅಪ್ಪಣೆ ಇಲ್ಲ ಎಂದು ಸ್ಪಷ್ಟವಾಗಿಯೇ ಇದೆಯಲ್ಲ?

ಇಡೀ ಚರ್ಚೆ ಕೊನೆಗೆ ಬಂದು ನಿಲ್ಲುವುದು ಈ ವಚನದ ಮೇಲೆ. "ಉಪದೇಶ ಮಾಡುವುದಕ್ಕಾಗಲಿ ಪುರುಷರ ಮೇಲೆ ಅಧಿಕಾರ ನಡಿಸುವುದಕ್ಕಾಗಲಿ" ಹೆಂಗಸರಿಗೆ ಅಪ್ಪಣೆ ಕೊಡುವುದಿಲ್ಲ ಎಂದು ಪೌಲನು ಬರೆಯುತ್ತಾನೆ.

ಇದನ್ನು ಎಲ್ಲ ಕಾಲದ ನಿಯಮ ಎನ್ನುವವರಿಗೆ ಗಟ್ಟಿ ಆಧಾರ ಮುಂದಿನ ವಚನ. "ಮೊದಲು ನಿರ್ಮಿತನಾದವನು ಆದಾಮ" ಎಂದು ಪೌಲನು ಸೃಷ್ಟಿಯ ಕಾಲಕ್ಕೇ ಹೋಗುತ್ತಾನೆ. ತಿಮೊಥೆ ಇದ್ದ ಊರಾದ ಎಫೆಸದ ಯಾವುದೋ ಜಗಳವನ್ನು ಕಾರಣವಾಗಿ ಕೊಡುವುದಿಲ್ಲ. ಕಾರಣ ಸೃಷ್ಟಿಯಲ್ಲೇ ಇದ್ದರೆ ನಿಯಮವೂ ಎಲ್ಲೆಡೆಗೂ ಅನ್ವಯಿಸುತ್ತದೆ ಎಂಬುದು ಅವರ ವಾದ. ಇದು ಬಲವಾದ ವಾದ, ಒಪ್ಪಲೇಬೇಕು.

ಇನ್ನೊಂದು ಕಡೆಯವರು ಹೀಗೆ ಹೇಳುತ್ತಾರೆ. ತಿಮೊಥೆ ಇದ್ದದ್ದು ಎಫೆಸದಲ್ಲಿ. ಪತ್ರದ ಶುರುವಿನಿಂದ ಕೊನೆಯ ತನಕ ಸುಳ್ಳು ಬೋಧನೆಯದ್ದೇ ಚಿಂತೆ. ಮನೆಮನೆ ತಿರುಗಿ ಆಡಬಾರದ ಮಾತನ್ನಾಡುವ ಹೆಂಗಸರ ಪ್ರಸ್ತಾಪವೂ ಅದೇ ಪತ್ರದಲ್ಲಿ ಬರುತ್ತದೆ (5:13). "ಅಧಿಕಾರ ನಡಿಸು" ಎಂಬುದಕ್ಕೆ ಇಲ್ಲಿರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಅದು ಮಾಮೂಲಿ ಅಧಿಕಾರವೋ ಮೇಲೆ ಬಿದ್ದು ದಬ್ಬಾಳಿಕೆ ಮಾಡುವುದೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಅದರ ಹಿಂದಿನ ವಚನದಲ್ಲಿ "ಹೆಂಗಸು ಕಲಿಯಲಿ" ಎಂಬ ಆಜ್ಞೆ ಇದೆ, ಅದನ್ನು ನಾವು ಗಮನಿಸುವುದೇ ಇಲ್ಲ. ಕಲಿಯದವಳು ಈಗಲೇ ಕಲಿಸಬೇಡ, ಮೊದಲು ಕಲಿ ಎಂಬುದೇ ಇದರ ಭಾವ ಎಂದು ಇವರು ಓದುತ್ತಾರೆ.

ನನಗೆ ಎರಡನೆಯ ಓದು ಜಾಸ್ತಿ ಸರಿ ಕಾಣುತ್ತದೆ. ಪೌಲನು ತನ್ನ ಜೊತೆ ದುಡಿದ ಹೆಂಗಸರನ್ನು ಬೇರೆ ಪತ್ರಗಳಲ್ಲಿ ನಡೆಸಿಕೊಂಡ ರೀತಿಗೆ ಅದು ಹೊಂದುತ್ತದೆ. ಆದರೆ ಮೊದಲನೆಯ ಓದನ್ನು ಒಪ್ಪುವವರೆಲ್ಲ ಹೆಂಗಸರನ್ನು ಕೀಳಾಗಿ ಕಾಣುವವರು ಎಂದು ಹೇಳುವುದು ಅನ್ಯಾಯ. ಎರಡನೆಯದನ್ನು ಒಪ್ಪುವವರೆಲ್ಲ ಬೈಬಲನ್ನು ಬಿಟ್ಟವರು ಎನ್ನುವುದೂ ಅಷ್ಟೇ ಅನ್ಯಾಯ.

ಒಂದು ಮಾತು ಮಾತ್ರ ಇಬ್ಬರಿಗೂ ಅನ್ವಯಿಸುತ್ತದೆ. ಈ ವಚನವನ್ನು ಎಷ್ಟೇ ಕಟ್ಟುನಿಟ್ಟಾಗಿ ಓದಿದರೂ ಅದರಲ್ಲಿ ಇರುವುದು ಉಪದೇಶ ಮತ್ತು ಅಧಿಕಾರದ ಮಾತು. ಹೆಂಗಸರು ಸಭೆಯ ಲೆಕ್ಕ ನೋಡಬಾರದು, ಕಮಿಟಿಯಲ್ಲಿ ಅಭಿಪ್ರಾಯ ಹೇಳಬಾರದು, ವಾಕ್ಯ ಓದಬಾರದು, ಕಾಣಿಕೆ ಎತ್ತಬಾರದು ಎಂದೆಲ್ಲ ಅದರಿಂದ ಹೊರಡುವುದಿಲ್ಲ.

ಗಂಡನು ಹೆಂಡತಿಗೆ ತಲೆ ಎಂದ ಮೇಲೆ ಸಭೆಯಲ್ಲೂ ಹಾಗೇ ಅಲ್ಲವೇ?

ಎಫೆಸ 5 ಮದುವೆಯ ಬಗ್ಗೆ ಮಾತಾಡುತ್ತದೆ. ಒಬ್ಬ ಗಂಡ, ಒಬ್ಬ ಹೆಂಡತಿ. ಅದರಿಂದ ಸಭೆಯ ಎಲ್ಲ ಗಂಡಸರೂ ಎಲ್ಲ ಹೆಂಗಸರಿಗೆ ತಲೆ ಎಂದು ಎಳೆಯುವಂತಿಲ್ಲ. ಅದೂ ಅಲ್ಲದೆ, ಆ ಭಾಗ ಶುರುವಾಗುವುದು "ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ" ಎಂಬ ಮಾತಿನಿಂದ (5:21). ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಗಂಡ ನಡೆದುಕೊಳ್ಳಬೇಕು ಎಂಬುದು ಅಲ್ಲಿನ ದೊಡ್ಡ ಬೇಡಿಕೆ. ಹೆಂಡತಿಗೆ ಹೊಡೆಯುವವನು ಈ ಅಧ್ಯಾಯವನ್ನು ಹಿಡಿದುಕೊಂಡು ಬಂದರೆ, ಅವನಿಗೆ ಆ ಅಧ್ಯಾಯವನ್ನೇ ಓದಿ ಹೇಳುವುದು ಪಾಸ್ಟರ್ ಕೆಲಸ.

ತಲೆಗೆ ಮುಸುಕು ಹಾಕಲೇಬೇಕಾ?

ಸಭೆಯಿಂದ ಸಭೆಗೆ ಬೇರೆ. ಕೆಲವು ಸಭೆಗಳಲ್ಲಿ ಕಡ್ಡಾಯ, ಕೆಲವು ಕಡೆ ಅವರವರ ಇಷ್ಟ. ಇಂದಿನ ಕಥೋಲಿಕ ಸಭಾಕಾನೂನಿನಲ್ಲಿ ಕಡ್ಡಾಯ ಎಂಬುದು ಇಲ್ಲ.

ಯೂನ್ಯ ಯಾರು? ಹೆಂಗಸಾ, ಗಂಡಸಾ?

ರೋಮಾ 16:7ರಲ್ಲಿ ಅಂದ್ರೋನಿಕನ ಜೊತೆ ಬರುವ ಹೆಸರು. ಇಬ್ಬರೂ ಪೌಲನ ಜೊತೆ ಸೆರೆಯಲ್ಲಿದ್ದವರು, ಅಪೊಸ್ತಲರಲ್ಲಿ ಪ್ರಸಿದ್ಧರು. ಮೊದಲ ಸಾವಿರ ವರ್ಷದ ವ್ಯಾಖ್ಯಾನಕಾರರು ಬಹುತೇಕ ಎಲ್ಲರೂ ಈಕೆಯನ್ನು ಹೆಂಗಸು ಎಂದೇ ತಿಳಿದಿದ್ದರು. ಹೆಂಗಸರ ವಿಷಯದಲ್ಲಿ ಅಷ್ಟೇನೂ ಮೃದುವಲ್ಲದ, ಆದಿಸಭೆಯ ಪ್ರಸಿದ್ಧ ಪ್ರಸಂಗಿ ಯೋವಾನ್ನ ಕ್ರಿಸೊಸ್ತೊಮನೇ, ಅಪೊಸ್ತಲಳು ಎನಿಸಿಕೊಳ್ಳುವಷ್ಟು ದೊಡ್ಡ ಜ್ಞಾನ ಈಕೆಯದ್ದು ಎಂದು ಹೊಗಳಿದ್ದಾನೆ. ಆಮೇಲೆ ಮಧ್ಯಯುಗದಲ್ಲಿ ಇದನ್ನು ಗಂಡಸಿನ ಹೆಸರು ಎಂದು ಓದುವುದು ಶುರುವಾಯಿತು. 20ನೇ ಶತಮಾನದ ಹಲವು ಗ್ರೀಕ್ ಮುದ್ರಣಗಳಲ್ಲೂ ಅದೇ ರೂಪ ಕಾಣಿಸಿತು. ಈಗ ಹೆಂಗಸಿನ ಹೆಸರೇ ವಾಪಸ್ ಬಂದಿದೆ. ಆಕೆ ಅಪೊಸ್ತಲಳೋ, ಅಥವಾ ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವಳೋ ಎಂಬ ಬಗ್ಗೆ ವಾದ ಮುಂದುವರಿದಿದೆ.

ಆದಿಸಭೆಯಲ್ಲಿ ಹೆಂಗಸರಿಗೆ ಅಧಿಕೃತ ಹುದ್ದೆ ಇತ್ತೇ?

ಇತ್ತು. ಸುಮಾರು ಕ್ರಿ.ಶ. 112ರಲ್ಲಿ ರೋಮಿನ ಅಧಿಕಾರಿ ಪ್ಲಿನಿ ಚಕ್ರವರ್ತಿ ತ್ರಾಜನನಿಗೆ ಒಂದು ಪತ್ರ ಬರೆದ. ಕ್ರೈಸ್ತರ ಬಗ್ಗೆ ನಿಜ ತಿಳಿಯಲು ಅವರು "ಸೇವಕಿಯರು" ಎಂದು ಕರೆಯುವ ಇಬ್ಬರು ದಾಸಿಯರನ್ನು ಹಿಂಸೆ ಕೊಟ್ಟು ವಿಚಾರಿಸಿದೆ ಎಂದು ಅದರಲ್ಲಿದೆ. ಸಭೆಯ ವಿಷಯ ತಿಳಿಯಬೇಕಾದರೆ ಯಾರನ್ನು ಹಿಡಿಯಬೇಕು ಎಂಬುದು ಆ ಅಧಿಕಾರಿಗೂ ಗೊತ್ತಿತ್ತು.

ಮುಂದೆ ಪೂರ್ವದ ಸಭೆಗಳಲ್ಲಿ ಡೀಕನೆಸ್‌ಗಳು (ದೀಕ್ಷೆ ಪಡೆದ ಸಭಾಸೇವಕಿಯರು) ಸ್ಪಷ್ಟವಾಗಿ ಕಾಣುತ್ತಾರೆ. ಹೆಂಗಸರ ದೀಕ್ಷಾಸ್ನಾನದಲ್ಲಿ ಸಹಾಯ, ಮನೆಗಳಲ್ಲಿ ಕಾಯಿಲೆ ಬಿದ್ದ ಹೆಂಗಸರ ಭೇಟಿ, ಹೊಸಬರಿಗೆ ಕಲಿಸುವುದು ಅವರ ಕೆಲಸ. 451ರಲ್ಲಿ ಬಿಷಪರು ಸೇರಿದ ಖಲ್ಸೆದೋನ್ ಮಹಾಸಭೆ, 40 ವರ್ಷ ತುಂಬದ ಹೆಂಗಸಿಗೆ ಡೀಕನೆಸ್ ದೀಕ್ಷೆ ಕೊಡಬಾರದು ಎಂದು ವಯಸ್ಸು ನಿಗದಿ ಮಾಡಿತು. 535ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಾನ್‌ಸ್ಟಾಂಟಿನೋಪಲ್‌ನ ಮಹಾದೇವಾಲಯಕ್ಕೆ ಸಿಬ್ಬಂದಿ ಮಿತಿ ಹಾಕಿದಾಗ ಆ ಪಟ್ಟಿಯಲ್ಲಿ 40 ಡೀಕನೆಸ್‌ಗಳಿದ್ದರು. ಇಲ್ಲದ ಹುದ್ದೆಗೆ ಯಾರೂ ಮಿತಿ ಹಾಕುವುದಿಲ್ಲ.

ವಿಧವೆಯರದ್ದು ಇನ್ನೊಂದು ಗುಂಪು. 60 ದಾಟಿದವರನ್ನು ಮಾತ್ರ ಪಟ್ಟಿಗೆ ಸೇರಿಸಬೇಕು ಎಂದು 1 ತಿಮೊಥೆ 5ರಲ್ಲೇ ಇದೆ.

ಹಾಗಾದರೆ ಅದೆಲ್ಲ ಯಾಕೆ ನಿಂತುಹೋಯಿತು?

ಒಂದೇ ಕಾರಣ ಹೇಳಲಾಗದು. ದೊಡ್ಡವರ ದೀಕ್ಷಾಸ್ನಾನ ಕಡಿಮೆಯಾಗಿ ಮಕ್ಕಳದ್ದು ಜಾಸ್ತಿಯಾದಾಗ ಡೀಕನೆಸ್‌ಗಳ ಮುಖ್ಯ ಕೆಲಸವೇ ಹೋಯಿತು. ಮನೆಗಳಲ್ಲಿ ಸೇರುತ್ತಿದ್ದ ಸಭೆ ದೊಡ್ಡ ಕಟ್ಟಡಗಳಿಗೆ ಬಂತು. ಮನೆಯೊಳಗೆ ಯಜಮಾನಿಗೆ ಇದ್ದ ಮಾತು ಕಟ್ಟಡದೊಳಗೆ ಉಳಿಯಲಿಲ್ಲ. ಮುಟ್ಟಿನ ಮೈಲಿಗೆಯ ವಿಚಾರವೂ ಬಲಿಷ್ಠ ಕಾರಣವಾಗಿ ಸೇರಿತು. ಪಶ್ಚಿಮದ ಕೆಲವು ಪ್ರಾಂತೀಯ ಮಹಾಸಭೆಗಳು ಡೀಕನೆಸ್ ದೀಕ್ಷೆಯನ್ನು ನೇರವಾಗಿಯೇ ನಿಷೇಧಿಸಿದವು.

ಹೆಂಗಸರ ಸೇವೆ ಮಠಗಳ ಕಡೆ ಹರಿಯಿತು. ಅಲ್ಲಿ ಸಿಕ್ಕ ಅಧಿಕಾರ ಸಣ್ಣದಲ್ಲ. ಇಂಗ್ಲೆಂಡಿನ ವಿಟ್‌ಬಿಯಲ್ಲಿ ಹಿಲ್ಡ ಎಂಬ ಮಠಾಧ್ಯಕ್ಷೆ ಸನ್ಯಾಸಿಗಳು, ಸನ್ಯಾಸಿನಿಯರು ಇಬ್ಬರನ್ನೂ ನಡೆಸಿದಳು. 664ರ ಪ್ರಸಿದ್ಧ ಸಭಾಸಮ್ಮೇಳನ ನಡೆದದ್ದು ಅವಳ ಮಠದಲ್ಲೇ. ಅಲ್ಲಿ ಕಲಿತ ಐವರು ಮುಂದೆ ಬಿಷಪರಾದರು. ಸಿಯೆನಾದ ಕ್ಯಾಥರಿನ್, ಆವಿಲಾದ ತೆರೇಸಾ, ಲಿಸಿಯುವಿನ ತೆರೇಸಾ, ಬಿಂಗೆನ್‌ನ ಹಿಲ್ಡೆಗಾರ್ಡ್ ಈ ನಾಲ್ವರನ್ನು ಕಥೋಲಿಕ ಸಭೆ 1970ರಿಂದ 2012ರ ನಡುವೆ ತನ್ನ "ಮಹಾಬೋಧಕರ" ಪಟ್ಟಿಗೆ ಸೇರಿಸಿದೆ. ಎಂದರೆ ಇಡೀ ಸಭೆಯೇ ಇವರ ಬರಹದಿಂದ ಕಲಿಯಬೇಕು ಎಂದರ್ಥ, ಗಂಡಸರೂ ಸೇರಿ.

ಮುಟ್ಟಾದಾಗ ಪವಿತ್ರ ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಬಹುದಾ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವವರು ಕಡಿಮೆ. ಆದರೆ ಎಷ್ಟೋ ಹೆಂಗಸರು ಸುಮ್ನೆ ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುತ್ತಾರೆ. ಪ್ರಶ್ನೆ ಹಳೆಯದು. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ದಿಯೊನಿಸಿಯಸ್ ಬೇಡ ಎಂದರು. 6ನೇ ಶತಮಾನದ ಕೊನೆಗೆ ಪೋಪ್ ಆದ ಮೊದಲನೇ ಗ್ರೆಗೊರಿಯವರ ಹೆಸರಿನಲ್ಲಿ ಉಳಿದಿರುವ ಉತ್ತರ ಬೇರೆ. ಅದು ದೇಹದ ಸಹಜ ಗುಣ, ಪಾಪವಲ್ಲ, ಅವಳನ್ನು ಚರ್ಚಿನಿಂದಲೂ ಭೋಜನದಿಂದಲೂ ತಡೆಯಬಾರದು. ಅದಕ್ಕೆ ಕೊಟ್ಟ ಆಧಾರ, ರಕ್ತಸ್ರಾವವಿದ್ದ ಹೆಂಗಸು ಯೇಸುವಿನ ಬಟ್ಟೆಯ ಅಂಚನ್ನು ಮುಟ್ಟಿದ ಪ್ರಸಂಗ. ಮಗ್ದಲದ ಮರಿಯಳ ಬಗ್ಗೆ ಎಡವಿದ ಅದೇ ಗ್ರೆಗೊರಿ ಇಲ್ಲಿ ಎಷ್ಟು ಸರಿಯಾಗಿ ಕಂಡಿದ್ದಾರೆ ನೋಡಿ.

ಇಂದು ಕಥೋಲಿಕ ಮತ್ತು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇದಕ್ಕೆ ಯಾವ ತಡೆಯೂ ಇಲ್ಲ. ಕೆಲವು ಪೂರ್ವದ ಸಭೆಗಳಲ್ಲಿ ದೂರ ಇರುವ ರೂಢಿ ಉಳಿದಿದೆ. ನಿಮ್ಮ ಸಭೆಯಲ್ಲಿ ಯಾರಾದರೂ ತಡೆದರೆ, ಇದು ನಮ್ಮ ಸಭೆಯ ಯಾವ ಬೋಧನೆಯಲ್ಲಿದೆ ಎಂದು ಕೇಳಿ.

ಕಥೋಲಿಕ ಸಭೆಯ ನಿಲುವೇನು?

ದೀಕ್ಷಾಸ್ನಾನ ಪಡೆದ ಗಂಡಸು ಮಾತ್ರ ಗುರು, ಅಂದರೆ ಪಾದ್ರಿ, ಆಗಬಹುದು. 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಹೆಂಗಸರಿಗೆ ಗುರುದೀಕ್ಷೆ ಕೊಡಲು ಸಭೆಗೆ ಅಧಿಕಾರವೇ ಇಲ್ಲ ಎಂದು ಬರೆದರು. ಹೆಂಗಸರು ಡೀಕನ್ (ಗುರುವಿಗಿಂತ ಕೆಳಗಿನ ದೀಕ್ಷೆಯ ಹುದ್ದೆ) ಆಗುವ ವಿಷಯವನ್ನು ಅಧ್ಯಯನ ಮಾಡಲು ಪೋಪ್ ಫ್ರಾನ್ಸಿಸ್ 2016 ಮತ್ತು 2020ರಲ್ಲಿ ಆಯೋಗ ಮಾಡಿದರು, ಬಾಗಿಲು ತೆರೆದಿಲ್ಲ.

ಆದರೆ ಉಳಿದ ಕಡೆ ಬದಲಾವಣೆ ಆಗಿದೆ. 2021ರಲ್ಲಿ ವಾಚಕರ ಮತ್ತು ಪೀಠಸೇವಕರ ಅಧಿಕೃತ ಹುದ್ದೆಗಳು ಹೆಂಗಸರಿಗೂ ಸಿಕ್ಕವು. 2023ರ ಸಿನೊಡ್‌ನಲ್ಲಿ (ಬಿಷಪರ ಸಮ್ಮೇಳನ) ಹೆಂಗಸರು ಮೊದಲ ಸಲ ಮತ ಹಾಕಿದರು. 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ವ್ಯಾಟಿಕನ್‌ನ ಒಂದು ಪ್ರಮುಖ ವಿಭಾಗದ ಮುಖ್ಯಸ್ಥೆಯಾದ ಮೊದಲ ಹೆಂಗಸು. ಗುರುದೀಕ್ಷೆ ಬೇರೆ, ಆಡಳಿತ ಬೇರೆ ಎಂದು ಬಿಡಿಸಿ ನೋಡಿದ್ದರಿಂದಲೇ ಇದು ಸಾಧ್ಯವಾಯಿತು.

ಆರ್ಥಡಾಕ್ಸ್ ಸಭೆಗಳಲ್ಲಿ?

ಯಾಜಕ ಹುದ್ದೆ ಗಂಡಸರಿಗೆ ಮಾತ್ರ. ಡೀಕನೆಸ್ ವ್ಯವಸ್ಥೆಯನ್ನು ಮತ್ತೆ ತರುವ ಮಾತು ಹಲವು ಕಡೆ ನಡೆಯುತ್ತಿದೆ. 2024ರಲ್ಲಿ ಅಲೆಕ್ಸಾಂಡ್ರಿಯ ಪೇಟ್ರಿಯಾರ್ಕೇಟ್‌ಗೆ (ಆಫ್ರಿಕಾದ ಆರ್ಥಡಾಕ್ಸ್ ಮಹಾಪೀಠ) ಸೇರಿದ ಜಿಂಬಾಬ್ವೆಯಲ್ಲಿ ಒಬ್ಬ ಹೆಂಗಸಿಗೆ ಡೀಕನೆಸ್ ದೀಕ್ಷೆ ಕೊಡಲಾಯಿತು. ಮಗ್ದಲದ ಮರಿಯ, ಜಾರ್ಜಿಯಾ ದೇಶಕ್ಕೆ ಸುವಾರ್ತೆ ತಂದ ನೀನೋ ಮುಂತಾದವರಿಗೆ ಈ ಸಭೆಗಳು "ಅಪೊಸ್ತಲರಿಗೆ ಸಮಾನರು" ಎಂಬ ಬಿರುದು ಕೊಟ್ಟಿವೆ.

ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹೆಂಗಸರು ಯಾವಾಗಿನಿಂದ ಪಾಸ್ಟರ್ ಆಗುತ್ತಿದ್ದಾರೆ?

ಅಮೆರಿಕದಲ್ಲಿ 1853ರಲ್ಲೇ ಆಂಟೊನೆಟ್ ಬ್ರೌನ್ ಒಂದು ಕಾಂಗ್ರಿಗೇಷನಲ್ ಸಭೆಯ ದೀಕ್ಷೆ ಪಡೆದರು. ಸಾಲ್ವೇಶನ್ ಆರ್ಮಿ ಶುರುವಿನಿಂದಲೂ ಹೆಂಗಸರಿಗೆ ಪ್ರಸಂಗ ಪೀಠ ಕೊಟ್ಟಿತು. 1934ರಲ್ಲಿ ಇವ್ಯಾಂಜೆಲಿನ್ ಬೂತ್ ಅದರ ಜನರಲ್, ಅಂದರೆ ಮುಖ್ಯಸ್ಥೆ, ಆದರು.

ಆಂಗ್ಲಿಕನ್ನರ (ಚರ್ಚ್ ಆಫ್ ಇಂಗ್ಲೆಂಡ್ ಮತ್ತು ಅದರ ಬಳಗದ ಸಭೆಗಳವರ) ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಎರಡನೇ ಮಹಾಯುದ್ಧದ ಕಾಲ. ಮಕಾವ್‌ನಲ್ಲಿ ಪವಿತ್ರ ಭೋಜನ ನಡೆಸಲು ಪಾದ್ರಿಗಳೇ ಇರಲಿಲ್ಲ. ಅಲ್ಲಿ ಸೇವೆ ಮಾಡುತ್ತಿದ್ದ ಡೀಕನೆಸ್ ಫ್ಲಾರೆನ್ಸ್ ಲೀ ಟಿಮ್-ಒಯ್ ಅವರಿಗೆ ಹಾಂಗ್‌ಕಾಂಗ್‌ನ ಬಿಷಪ್ 1944ರ ಜನವರಿಯಲ್ಲಿ ಪಾದ್ರಿ ದೀಕ್ಷೆ ಕೊಟ್ಟುಬಿಟ್ಟರು. ಯುದ್ಧ ಮುಗಿದದ್ದೇ ತಡ, ಮೇಲಿನವರಿಂದ ವಿರೋಧ ಬಂತು. ಬಿಷಪರಿಗೆ ತೊಂದರೆಯಾಗಬಾರದೆಂದು ಆಕೆ ಪಾದ್ರಿಯಾಗಿ ಸೇವೆ ಮಾಡುವ ಪರವಾನಗಿಯನ್ನು ಹಿಂದಿರುಗಿಸಿದರು, ದೀಕ್ಷೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಮತ್ತೆ ಹೆಂಗಸರಿಗೆ ದೀಕ್ಷೆ ಸಿಕ್ಕಿದ್ದು 1971ರಲ್ಲಿ. ಕಷ್ಟಕಾಲದಲ್ಲಿ ಹೆಂಗಸರಿಗೆ ಜವಾಬ್ದಾರಿ ಕೊಟ್ಟು, ಕಷ್ಟ ತೀರಿದ ಮೇಲೆ ವಾಪಸ್ ಕೇಳುವುದು ಸಭೆಯ ಇತಿಹಾಸದಲ್ಲಿ ಒಂದೇ ಸಲ ನಡೆದದ್ದಲ್ಲ.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. 1989ರಲ್ಲಿ ಅಮೆರಿಕದ ಬಾರ್ಬರಾ ಹ್ಯಾರಿಸ್ ಆಂಗ್ಲಿಕನ್ ಬಳಗದ ಮೊದಲ ಮಹಿಳಾ ಬಿಷಪ್. 1994ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನ ಮೊದಲ ಮಹಿಳಾ ಪಾದ್ರಿಗಳು. 2013ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾದ ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪ ಲಲಿತ. 2025ರಲ್ಲಿ ಆ ಬಳಗದ ಹಿರಿಯ ಸ್ಥಾನವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಮೊದಲ ಸಲ ಒಬ್ಬ ಹೆಂಗಸಿನ, ಸಾರಾ ಮುಲಾಲಿಯವರ, ಹೆಸರು ಪ್ರಕಟವಾಯಿತು.

ಎಲ್ಲ ಕಡೆ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿಲ್ಲ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 2000ದಲ್ಲಿ ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಎಂದು ತಮ್ಮ ನಂಬಿಕೆಯ ಹೇಳಿಕೆಯಲ್ಲೇ ಬರೆದರು. ಲಾಟ್ವಿಯಾದ ಲುಥೆರನ್ ಸಭೆ 1975ರಿಂದ ಹೆಂಗಸರಿಗೆ ದೀಕ್ಷೆ ಕೊಟ್ಟು, 1993ರಲ್ಲಿ ನಿಲ್ಲಿಸಿ, 2016ರಲ್ಲಿ ಇನ್ನು ಗಂಡಸರಿಗೆ ಮಾತ್ರ ಎಂದು ತೀರ್ಮಾನಿಸಿತು.

ಪೆಂಟೆಕೋಸ್ಟಲ್ ಸಭೆಗಳಲ್ಲಿ ಹೆಂಗಸರು ಪ್ರವಾದಿಸುತ್ತಾರೆ, ಆದರೂ ಹಿರಿಯರಾಗುವುದಿಲ್ಲ. ಯಾಕೆ?

"ನಿಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರು" ಎಂಬ ಪ್ರವಾದಿ ಯೋವೇಲನ ಮಾತು, ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಈ ಚಳವಳಿಯ ಬೇರು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಸ್ಟ್ರೀಟ್ ಉಜ್ಜೀವನದಲ್ಲಿ ಹೆಂಗಸರು ಮುಂಚೂಣಿಯಲ್ಲಿದ್ದರು. ಫೋರ್‌ಸ್ಕ್ವೇರ್ ಸಭೆಯನ್ನು ಸ್ಥಾಪಿಸಿದ್ದೇ ಒಬ್ಬ ಹೆಂಗಸು, ಎಮೀ ಸೆಂಪಲ್ ಮ್ಯಾಕ್‌ಫರ್ಸನ್. ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ 1935ರಿಂದ ಹೆಂಗಸರಿಗೆ ಪಾಸ್ಟರ್ ದೀಕ್ಷೆ ಕೊಡುತ್ತಿದೆ. ಆದರೆ ಚಳವಳಿ ಸಂಸ್ಥೆಯಾಗುತ್ತಾ ಹೋದ ಹಾಗೆ ಕಟ್ಟಡ, ಹಣ, ಹುದ್ದೆ ಬಂದವು. ವರಗಳು ಇಬ್ಬರಿಗೂ, ಹುದ್ದೆಗಳು ಗಂಡಸರಿಗೆ ಎಂಬ ವಿಂಗಡಣೆ ಹಲವು ಕಡೆ ಸದ್ದಿಲ್ಲದೆ ನಡೆದುಹೋಯಿತು.

ಪಾಸ್ಟರಮ್ಮನ ಸ್ಥಾನ ಏನು?

ಪಾಸ್ಟರ ಹೆಂಡತಿ ಎಂಬುದು ಬೈಬಲಿನಲ್ಲಿ ಇಲ್ಲದ ಹುದ್ದೆ. ಆದರೂ ಸಭೆಯಲ್ಲಿ ಅತಿ ಜಾಸ್ತಿ ದುಡಿಯುವವರು ಇವರೇ ಇರಬಹುದು. ಸಂಡೇ ಸ್ಕೂಲ್, ಸ್ತ್ರೀಯರ ಕೂಟ, ಆಸ್ಪತ್ರೆ ಭೇಟಿ, ಬಂದವರ ಉಪಚಾರ, ರಾತ್ರಿ ಹೊತ್ತಿಗೆ ಅಳುತ್ತಾ ಫೋನ್ ಮಾಡುವವರ ಜೊತೆ ಮಾತು. ಸಂಬಳ ಇಲ್ಲ, ನೇಮಕ ಇಲ್ಲ, ರಜೆ ಇಲ್ಲ. ಗಂಡ ತೀರಿಕೊಂಡರೆ ಒಂದೇ ದಿನದಲ್ಲಿ ಮನೆ, ಸೇವೆ, ಸ್ಥಾನ ಮೂರೂ ಹೋಗಬಹುದು.

ಪಾಸ್ಟರನ್ನು ಕರೆಯುವಾಗಲೇ ಸಭೆ ಕೇಳಬೇಕು: ಅವರ ಹೆಂಡತಿಗೂ ಸೇವೆಯ ಕರೆ ಇದೆಯೇ? ಇದ್ದರೆ ಕೆಲಸ ಏನು ಎಂದು ಬರೆದು, ಅದಕ್ಕೆ ತಕ್ಕ ಸಂಭಾವನೆ ಕೊಡಲಿ. ಇಲ್ಲದಿದ್ದರೆ ಆಕೆ ಉಳಿದ ವಿಶ್ವಾಸಿಗಳ ಹಾಗೆ ಬಂದು ಕೂತು ಆರಾಧನೆ ಮಾಡಿ ಹೋಗಲಿ. ಅದರ ಬಗ್ಗೆ ಯಾರೂ ಹಿಂದೆ ಮಾತಾಡದಿರಲಿ.

ನನಗೆ ದೇವರ ಕರೆ ಇದೆ, ನನ್ನ ಸಭೆ ಒಪ್ಪುವುದಿಲ್ಲ. ಏನು ಮಾಡಲಿ?

ಮೊದಲು ನಿಮ್ಮ ಸಭೆಯ ನಿಯಮಾವಳಿ ಓದಿ. ನಿಜವಾಗಿಯೂ ಹಾಗೆ ಬರೆದಿದೆಯೋ, ಅಥವಾ "ನಮ್ಮಲ್ಲಿ ಹಾಗೆ ಮಾಡುವುದಿಲ್ಲ" ಎಂಬ ಮಾತು ಮಾತ್ರವೋ? ಎಷ್ಟೋ ಕಡೆ ಬರೆದೇ ಇರುವುದಿಲ್ಲ.

ಎರಡನೆಯದು, ಓದಿ. ದೇವಶಾಸ್ತ್ರದ ಓದಿಗೆ ದೀಕ್ಷೆ ಬೇಕಿಲ್ಲ. ಹೆಂಗಸರನ್ನು ಪಾಸ್ಟರ್ ಮಾಡದ ಸಭೆಗಳ ಎಷ್ಟೋ ಸೆಮಿನರಿಗಳಲ್ಲೂ ಹೆಂಗಸರಿಗೆ ಪ್ರವೇಶವಿದೆ. ಓದಿದವಳ ಮಾತನ್ನು ಪಕ್ಕಕ್ಕೆ ತಳ್ಳುವುದು ಸ್ವಲ್ಪ ಕಷ್ಟ.

ಮೂರನೆಯದು, ಆ ಕರೆ ಯಾವ ಕೆಲಸಕ್ಕೆ ಎಂದು ಹತ್ತಿರದಿಂದ ನೋಡಿ. ಆಸ್ಪತ್ರೆಯ ಚಾಪ್ಲೆನ್ (ರೋಗಿಗಳ ಆತ್ಮಿಕ ಆರೈಕೆ), ಸೆರೆಮನೆ ಸೇವೆ, ಆಪ್ತಸಮಾಲೋಚನೆ, ಬೈಬಲ್ ಅನುವಾದ, ಕಲಿಸುವುದು ಇವೆಲ್ಲ ಪೂರ್ಣ ಸೇವೆಗಳೇ. 1836ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಶುರುವಾದ ಡೀಕನೆಸ್ ಮನೆಯಲ್ಲಿ ಹೆಂಗಸರು ರೋಗಿಗಳ ಆರೈಕೆ ಕಲಿತು ಹೊರಟರು. ಫ್ಲಾರೆನ್ಸ್ ನೈಟಿಂಗೇಲ್ ತರಬೇತಿ ಪಡೆದದ್ದೂ ಅಲ್ಲೇ. ಆದರೆ ನಿಮ್ಮ ಕರೆ ಸಭಾಪಾಲನೆಗೇ ಇದ್ದರೆ, ಇವುಗಳಲ್ಲಿ ಯಾವುದನ್ನಾದರೂ ತೋರಿಸಿ ಸಮಾಧಾನ ಮಾಡಿಕೋ ಎಂದು ನಾನು ಹೇಳುವುದಿಲ್ಲ. ಸಭೆ ಬದಲಿಸುವುದೂ ಒಂದು ಪ್ರಾಮಾಣಿಕ ದಾರಿ. ಉಳಿದು ಕಾಯುವುದೂ ಪ್ರಾಮಾಣಿಕವೇ. ಯಾವುದು ನಿಮ್ಮದು ಎಂಬುದನ್ನು ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಮೂವರ ಜೊತೆ ಕೂತು ತೀರ್ಮಾನಿಸಿ.

ಸಭೆಯೊಳಗೆ ಕಿರುಕುಳವಾದರೆ ಯಾರಿಗೆ ಹೇಳಬೇಕು?

ಅಪರಾಧವಾಗಿದ್ದರೆ ಪೊಲೀಸರಿಗೆ. "ವಿಶ್ವಾಸಿಗಳು ನ್ಯಾಯಾಲಯಕ್ಕೆ ಹೋಗಬಾರದು" ಎಂದು 1 ಕೊರಿಂಥ 6 ತೋರಿಸಿ ತಡೆಯುವವರಿರುತ್ತಾರೆ. ಅಲ್ಲಿರುವುದು ಅಲ್ಪ ವ್ಯವಹಾರಗಳ ಮಾತು, ಹಿಂಸೆಯನ್ನು ಮುಚ್ಚಿಹಾಕುವ ಅಪ್ಪಣೆ ಅಲ್ಲ. ಸಭೆಯೊಳಗಿನ ದೂರಿಗೂ ಒಂದು ಸಮಿತಿ ಇರಬೇಕು, ಅದರಲ್ಲಿ ಹೆಂಗಸರಿರಬೇಕು, ದೂರಿರುವ ವ್ಯಕ್ತಿಯ ನೆಂಟರು ಇರಬಾರದು. ಹೆಂಗಸರೇ ಇಲ್ಲದ ಹಿರಿಯರ ಮಂಡಳಿಯ ಮುಂದೆ ನಿಂತು ಒಬ್ಬ ಹುಡುಗಿ ಇದನ್ನೆಲ್ಲ ಬಿಡಿಸಿ ಹೇಳಬೇಕು ಎಂದು ಬಯಸುವುದೇ ಇನ್ನೊಂದು ಹಿಂಸೆ.

ನಮ್ಮ ಸಭೆ ಮಹಿಳಾ ಪಾಸ್ಟರನ್ನು ಒಪ್ಪುವುದಿಲ್ಲ, ಆದರೂ ಏನಾದರೂ ಮಾಡಬೇಕು ಎಂದಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಸಭೆಯಲ್ಲಿ ನಡೆಯುವ ಎಲ್ಲ ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ವಾಕ್ಯ ಓದುವುದು, ಪ್ರಾರ್ಥನೆ ನಡೆಸುವುದು, ಹಾಡು, ಲೆಕ್ಕ, ಕಟ್ಟಡ, ಯುವಕರ ಕೂಟ, ಮಿಷನ್ ಹಣ ಯಾರಿಗೆ ಹೋಗಬೇಕೆಂಬ ತೀರ್ಮಾನ, ಭೋಜನದ ತಟ್ಟೆ ಹಂಚುವುದು, ಗುಡಿಸಿ ಒರೆಸುವುದು. ಪ್ರತಿಯೊಂದರ ಮುಂದೆ ಈಗ ಯಾರು ಮಾಡುತ್ತಿದ್ದಾರೆ ಎಂದು ಬರೆಯಿರಿ. ಆಮೇಲೆ, ನಿಮ್ಮ ಸಭೆಯ ಬೋಧನೆಯ ಪ್ರಕಾರ ಗಂಡಸರೇ ಮಾಡಬೇಕಾದವು ಯಾವುವು ಎಂದು ಗುರುತು ಹಾಕಿ. ಒಂದೋ ಎರಡೋ ಇರಬಹುದು. ಉಳಿದವುಗಳಲ್ಲಿ ಹೆಂಗಸರು ಕಾಣದ ಕಡೆಗಳೇ ನಿಮ್ಮ ಕೆಲಸದ ಪಟ್ಟಿ.

ಲೆಕ್ಕದಿಂದ ಶುರು ಮಾಡಿ ಎಂದು ನನ್ನ ಸಲಹೆ. ಖಜಾಂಚಿ ಕೆಲಸಕ್ಕೆ ಪ್ರಸಂಗ ಪೀಠ ಬೇಕಿಲ್ಲ, ವಚನದ ಜಗಳವೂ ಬರುವುದಿಲ್ಲ. ಹಣ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಿರುವವರನ್ನು ಕಮಿಟಿಯಲ್ಲಿ ಯಾರೂ ಸುಮ್ಮನಿರಿಸಲಾರರು. ಒಬ್ಬರನ್ನೇ ಹಾಕಬೇಡಿ, ಇಬ್ಬರು ಹೆಂಗಸರನ್ನಾದರೂ ಒಟ್ಟಿಗೆ ಆರಿಸಿ. ಕಮಿಟಿ ಸೇರುವ ಹೊತ್ತನ್ನು ರಾತ್ರಿ ಒಂಬತ್ತಕ್ಕೆ ಇಡಬೇಡಿ.